ಬೋಣಿಯಾಗದ ದಿನಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಿರಲೆಂದು ಹೆಸರು, ವಯಸ್ಸು, ಕುಟುಂಬದ ಕೆಲವು ವಿವರಗಳು ಮತ್ತು ಹಣದ ಮೊತ್ತಗಳನ್ನು ಬದಲಿಸಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಸುಮಂಗಲಾ ಅವರನ್ನು ನನ್ನಲ್ಲಿಗೆ ಕಳುಹಿಸಿದವರು ಅವರ ಮನೆಯ ವೈದ್ಯರು. ನಾಲ್ಕು ತಿಂಗಳಿಂದ ರಾತ್ರಿ ಎರಡರ ಸುಮಾರಿಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಅಟ್ಟದ ಮೇಲಿನ ಸೂಟ್‌ಕೇಸು ಕಣ್ಣಿಗೆ ಬಿದ್ದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ಥೈರಾಯ್ಡ್ ಪರೀಕ್ಷೆಯಲ್ಲಾಗಲೀ ಇಸಿಜಿಯಲ್ಲಾಗಲೀ ದೋಷವೇನೂ ಕಂಡಿರಲಿಲ್ಲ. ವಯಸ್ಸು 46. ಧಾರವಾಡದ ಹತ್ತಿರದ ಊರು. ಅತ್ತೆಯಿಂದ ಕಸೂತಿ ಕಲಿತು, 20 ವರ್ಷಗಳಿಂದ ಅದನ್ನೇ ಮಾಡುತ್ತ ಬಂದವರು. 2020ರ ಲಾಕ್‌ಡೌನ್‌ನಲ್ಲಿ ಪತಿಯ ಜೆರಾಕ್ಸ್ ಅಂಗಡಿ ಮುಚ್ಚಿದ ಮೇಲೆ ಈ ಹೊಲಿಗೆಯೇ ಮನೆಯ ಮುಖ್ಯ ಆದಾಯವಾಗಿತ್ತು. ಓಣಿಯ ನಾಲ್ವರು ಹೆಣ್ಣುಮಕ್ಕಳಿಗೂ ಅವರೇ ಕೆಲಸ ಕೊಡುತ್ತಿದ್ದರು.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತನಾಡಿದ್ದು ಮೇಳಗಳ ಬಗ್ಗೆ. ಬೆಂಗಳೂರಿನಲ್ಲಿ ಹತ್ತು ದಿನದ ಒಂದು ಕರಕುಶಲ ಮೇಳಕ್ಕೆ 14 ಸೀರೆ, ಒಂದಿಷ್ಟು ಕುಪ್ಪಸದ ಖಣ, ದಿಂಬಿನ ಚೀಲ, ಪರ್ಸುಗಳನ್ನು ಹೊತ್ತುಕೊಂಡು ಹೋಗಿದ್ದರು. ಮಳಿಗೆಯ ಬಾಡಿಗೆ 24,000 ರೂಪಾಯಿ, ಓಡಾಟ, ವಸತಿ, ಊಟ ಸೇರಿ ಮತ್ತೆ 13,000. ಹತ್ತು ದಿನದಲ್ಲಿ ಹೋದದ್ದು ಒಂದು ಸೀರೆ, 7,500ಕ್ಕೆ, ಅದೂ ಹೇಳಿದ ಬೆಲೆಗಿಂತ 2,000 ಕಡಿಮೆಗೆ. ಉಳಿದ ಸಣ್ಣ ಸಾಮಾನುಗಳಿಂದ 3,900. “ಮಂದಿ ಬರ್ತಾರ್ರೀ ಮೇಡಮ್, ಮುಟ್ಟಿ ನೋಡ್ತಾರ, ಫೋಟೋ ತಕ್ಕೋತಾರ, ಹೋಗ್ತಾರ. ಬಾಜೂ ಮಳಿಗ್ಯಾಗ ಹಪ್ಪಳಾ, ಉಪ್ಪಿನಕಾಯಿ ಖಾಲಿ ಆಗ್ತಾವ. ನನ್ನ ಕೈಯಾಗಿನ ಗುಣಾನ ಹೋಗೈತೇನೋ ಅನ್ನಸ್ತೈತ್ರೀ” ಎಂದರು. ಅವರ ಮಾತಿನಲ್ಲಿ ಮಧ್ಯಾಹ್ನದ ಎರಡರಿಂದ ಐದು ಗಂಟೆಯ ಹೊತ್ತು ಮತ್ತೆ ಮತ್ತೆ ಬಂತು. ಫ್ಯಾನು ತಿರುಗುತ್ತಿರುತ್ತದೆ, ಎದುರಿನ ಮಳಿಗೆಯವನು ತೂಕಡಿಸುತ್ತಿರುತ್ತಾನೆ, ಇನ್ನೂ ಬೋಣಿಯಾಗಿರುವುದಿಲ್ಲ. ದಾರಿಯಲ್ಲಿ ಕಾಲ ಸಪ್ಪಳ ಕೇಳಿದರೆ ತಲೆಯೆತ್ತಲು ಮನಸ್ಸಾಗುವುದಿಲ್ಲ, ಎತ್ತಿದರೆ ಬೇಡುವ ಮುಖ ಕಾಣುತ್ತದೆಂಬ ಅಂಜಿಕೆ.

ಕಸೂತಿಯ ವಿಚಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಅವರ ನೋವಿನ ಒಂದು ಎಳೆ ಅದರಲ್ಲಿತ್ತು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿ ಬೃಂದಾವನಗಳನ್ನು ಮೂಡಿಸುವ ಈ ಕೆಲಸದಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ; ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಮತ್ತು ಮುರಗಿ ಹಾಕಿದಲ್ಲಿ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದು ತಿಳಿಯುವುದಿಲ್ಲ, ಎಲ್ಲಿಯೂ ಗಂಟು ಇರುವುದಿಲ್ಲ. ಕಂಪ್ಯೂಟರ್ ಎಂಬ್ರಾಯಿಡರಿಯ ಸೀರೆಯನ್ನು ತಿರುವಿದರೆ ಬಾಬಿನ್ನಿನ ದಾರ, ಕೆಲವೊಮ್ಮೆ ಗಡುಸಾದ ಅಂಟುಕಾಗದ ಕೈಗೆ ಹತ್ತುತ್ತದೆ. ಆದರೆ ತಿರುವಿ ನೋಡುವವರು ಎಷ್ಟು ಮಂದಿ? ಮೂರು ಮಳಿಗೆಗಳಾಚೆ ಯಂತ್ರದ ‘ಕಸೂತಿ’ ಸೀರೆ 1,800ಕ್ಕೆ ಸಿಗುತ್ತಿರುವಾಗ ಎರಡು ತಿಂಗಳು ಕೂತು ಹೊಲಿದದ್ದಕ್ಕೆ 9,500 ಎಂದರೆ ಗಿರಾಕಿ ಹುಬ್ಬೇರಿಸುತ್ತಾನೆ, ಅಷ್ಟೇ. ಆ ಹುಬ್ಬನ್ನು ಸುಮಂಗಲಾ ತಮ್ಮ ಕೈಕೆಲಸದ ಮೇಲಿನ ತೀರ್ಪೆಂದು ಓದುತ್ತಿದ್ದರು.

ಮೊದಲೆರಡು ಭೇಟಿಗಳನ್ನು ನಾನು ಈ ಓದಿನ ಮೇಲೆಯೇ ಕಳೆದೆ. ದಿನದ ಗಲ್ಲಾ ತುಂಬದಿರುವುದಕ್ಕೆ ಮೇಳ ಯಾವ ತಾರೀಖಿನಲ್ಲಿತ್ತು (ಅದು 18ರಿಂದ 27ರವರೆಗಿತ್ತು, ಸಂಬಳದ ಹಣ ಕರಗಿದ ಮೇಲೆ), ಮಳೆ ಬಂದಿತ್ತೇ, ಮನೆಮಂದಿಯನ್ನು ಕೇಳದೆ ಹತ್ತು ಸಾವಿರದ ಸೀರೆ ಕೊಳ್ಳುವ ರೂಢಿ ಎಷ್ಟು ಜನರಿಗಿದೆ ಎಂಬಂತಹ ಹತ್ತು ಕಾರಣಗಳಿರಬಹುದೆಂದು ಅವರಿಂದಲೇ ಹೇಳಿಸಿದೆ. ಅವರು ಎಲ್ಲವನ್ನೂ ಒಪ್ಪಿದರು. ನಿದ್ದೆ ಮಾತ್ರ ಬರಲಿಲ್ಲ. ಒಪ್ಪಿಗೆ ಇಷ್ಟು ಸುಲಭವಾಗಿ ಸಿಕ್ಕಾಗ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮೂರನೆಯ ಸಲ ಅವರನ್ನು ಬಿಡಲು ಪತಿ ಬಂದಿದ್ದರು. ಬಾಗಿಲಲ್ಲೇ ನಿಂತು ಅಭಿಮಾನದಿಂದ, “ಈ ಸಲ ಮೂಲಿ ಮಳಿಗಿ ಹಿಡಿಯೂಣಂತ ಮಾಡೇವ್ರೀ. ಹೋದ ಸಲ ಅರವತ್ತೊಂದ ಸಾವಿರದ ಮ್ಯಾಲ ವ್ಯಾಪಾರ ಆಗಿತ್ತು. ನೀವು ಆಕಿಗೆ ಸ್ವಲ್ಪ ಧೈರ್ಯಾ ಹೇಳ್ರಿ” ಎಂದರು. ನನ್ನ ಟಿಪ್ಪಣಿಯಲ್ಲಿದ್ದ ಮೊತ್ತ 11,400. ಅವರು ಹೋದ ಮೇಲೆ ಸುಮಂಗಲಾ ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡರು. ಹಿಂದಿನ ಭೇಟಿಗಳಲ್ಲಿಯೂ ಹಾಗೆ ಎಳೆದುಕೊಂಡದ್ದನ್ನು ಕಂಡಿದ್ದೆ, ಚಳಿಯಿರಬೇಕೆಂದುಕೊಂಡಿದ್ದೆ. ನಾನೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಬಳೆ ತೊಟ್ಟ ಕೈ ಮುಂದೆ ಚಾಚಿ, “ಇವು ಗಿಲೀಟು ಬಿಲ್ವಾರ್ರೀ” ಎಂದರು.

ಬೆಂಗಳೂರಿನಿಂದ ಮರಳಿದ ದಿನ ಮನೆಗೆ ಹೋಗುವ ಮೊದಲು ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ ಇಳಿದು, ಎರಡು ಬಂಗಾರದ ಬಿಲ್ವಾರಗಳನ್ನು ಅಡವಿಟ್ಟು 50,000 ತಂದು, ವ್ಯಾಪಾರದ ಹಣವೆಂದು ಮನೆಯಲ್ಲಿ ಕೊಟ್ಟಿದ್ದರು. ಮಾರಾಟವಾಯಿತೆಂದು ಹೇಳಿದ ಸೀರೆಗಳು ತಂಗಿಯ ಟ್ರಂಕಿನೊಳಗೆ ಸೇರಿದವು. ಆ ಹಣದಲ್ಲಿ ಸ್ವಸಹಾಯ ಸಂಘದ ಸಾಲವೂ ತೀರಿತು, ಹೊಲಿಯುವವರ ಕೂಲಿಯೂ ಸಂದಿತು. ವ್ಯಾಪಾರ ಚೆನ್ನಾಗಿದೆಯೆಂದು ತಿಳಿದ ಮನೆಯವರು ಮೈಸೂರಿನ ಮೇಳಕ್ಕೂ ಹುರಿದುಂಬಿಸಿ ಕಳುಹಿಸಿದರು. ಅಲ್ಲಿಯೂ ಅದೇ ಕಥೆ, ಉಳಿದೆರಡು ಬಿಲ್ವಾರಗಳೂ ಹೋದವು. ಟ್ರಂಕಿನಲ್ಲಿ ಈಗ 11 ಸೀರೆಗಳಿದ್ದವು. ಗಿರಾಕಿಗಳಿಲ್ಲದ್ದು ಅವರನ್ನು ನೋಯಿಸಿತ್ತು, ನಿಜ. ಆದರೆ ನಿದ್ದೆಗೆಡಿಸಿದ್ದು ಗಿರಾಕಿಗಳಿದ್ದರೆಂಬ ಸುಳ್ಳು. ಆ ಸುಳ್ಳೇ ಮುಂದಿನ ಮೇಳದ, ಇನ್ನೂ ದೊಡ್ಡ ಮಳಿಗೆಯ ಮುಂಗಡ ಕೊಡಲು ಹೊರಟಿತ್ತು.

ಇಂತಹ ಹೊತ್ತಿನಲ್ಲಿ ಆಪ್ತಸಲಹೆಗಾರರು ಮೊದಲು ಕೇಳಬೇಕಾದದ್ದನ್ನು ನೇರವಾಗಿ ಕೇಳಿದೆ: ಬದುಕು ಸಾಕೆನಿಸಿದೆಯೇ, ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ, ಸಂಗತಿ ತಿಳಿದರೆ ಮನೆಯಲ್ಲಿ ಹೊಡೆತ ಬಡಿತದ ಭಯವಿದೆಯೇ ಎಂದು. ಎಲ್ಲಿಯಾದರೂ ಹೊರಟುಹೋಗಬೇಕೆನಿಸಿದೆ, ಸಾಯಬೇಕೆಂದಲ್ಲ, ಪತಿ ಎಂದೂ ಕೈ ಎತ್ತಿದವರಲ್ಲ ಎಂದರು. ಆದರೂ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಬರೆಸಿ, ರಾತ್ರಿಯ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದೆಂದು ತಿಳಿಸಿದೆ. ನಿದ್ದೆ ಇನ್ನೆರಡು ವಾರ ಹೀಗೆಯೇ ಇದ್ದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಬೇಕೆಂದು ಒಪ್ಪಿಸಿದೆ.

ಬಳಿಕ ನಾನು ಕೊಟ್ಟ ಸಲಹೆ ಒಂದೇ, ಉಳಿದದ್ದೆಲ್ಲ ಅದರ ಹಿಂದೆ ಬಂದದ್ದು: ಮುಂದಿನ ಮಳಿಗೆಯ ಮುಂಗಡ ಕಟ್ಟುವ ಮೊದಲು ಪತಿಗೆ ಹೇಳಬೇಕು. ಬಿಲ್ವಾರ ಬಿಡಿಸಿಕೊಂಡು ಆಮೇಲೆ ಹೇಳುತ್ತೇನೆಂದು ಅವರು ಬೇಡಿಕೊಂಡರು. ಬಿಡಿಸಲು ಬೇಕಾದ ಹಣ ಬರುವುದು ಮತ್ತೊಂದು ಮೇಳದಿಂದಲೇ ಅಲ್ಲವೇ ಎಂದಾಗ ಸುಮ್ಮನಾದರು. ಹೇಗೆ ಹೇಳುವುದೆಂಬುದನ್ನು ಒಂದು ಗಂಟೆ ಕೂತು ಸಿದ್ಧಪಡಿಸಿದೆವು. ಅತ್ತೆ ಮಲಗಿದ ಮೇಲೆ ಹೇಳುವುದು. ಅಡವಿನ ರಸೀದಿ ಮತ್ತು ನಿಜವಾದ ಲೆಕ್ಕದ ಪುಸ್ತಕ ಕೈಯಲ್ಲಿರುವುದು. ಮೊದಲ ವಾಕ್ಯದಲ್ಲೇ ವಿಷಯ ಬರುವುದು. ಅಳು ಬಂದರೂ ಮೊತ್ತವನ್ನು ಪೂರ್ತಿ ಹೇಳಿ ಮುಗಿಸುವುದು, ಅರ್ಧ ಸತ್ಯ ಹೇಳಿ ಇನ್ನರ್ಧವನ್ನು ನಾಳೆಗೆ ಉಳಿಸಿಕೊಳ್ಳದಿರುವುದು.

ಪತಿ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ, “ಬಿಲ್ವಾರ ಹೋದವು ಅಂತ ಸಿಟ್ಟಿಲ್ಲ. ಹುಬ್ಬಳ್ಳ್ಯಾಗ ನಿನ್ನ ತಂಗಿಗೆ ಗೊತ್ತೈತಿ, ನನಗ ಗೊತ್ತಿಲ್ಲ” ಎಂದರಂತೆ. ಆ ಮುನಿಸು ಇನ್ನೂ ಪೂರ್ತಿ ಕರಗಿಲ್ಲ. ಅದಕ್ಕಾಗಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಎರಡು ಸಲ ಮಾತನಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ವ್ಯಾಪಾರದ ಸಲಹೆ ನನ್ನ ಕ್ಷೇತ್ರವಲ್ಲ. ಸಾಲ, ತರಬೇತಿಗಳ ವಿಚಾರಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ, ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ‘ಪೆಹಚಾನ್’ ಗುರುತಿನ ಚೀಟಿಗೂ ಅರ್ಜಿ ಹಾಕಲು ಹೇಳಿದೆ. ಇಷ್ಟು ವರ್ಷ ಆ ಚೀಟಿಯನ್ನೇ ಅವರು ಮಾಡಿಸಿರಲಿಲ್ಲ. ಆದರೆ ಮನಸ್ಸನ್ನು ಕಾಯ್ದುಕೊಳ್ಳಲು ಬೇಕಾದಷ್ಟು ಲೆಕ್ಕವನ್ನು ಇಬ್ಬರೂ ಕೂಡಿ ಮಾಡಿದೆವು. ಮೇಳಕ್ಕೆ ಹೊರಡುವ ಮೊದಲೇ ‘ಇಷ್ಟು ಕಳೆದುಕೊಳ್ಳಬಲ್ಲೆ’ ಎಂಬ ಮೊತ್ತವನ್ನು ಪತಿಯೊಂದಿಗೆ ಕೂತು ಬರೆದಿಡಬೇಕು, ಬಾಡಿಗೆ ಮತ್ತು ಓಡಾಟ ಅದನ್ನು ಮೀರಿದರೆ ಆ ಮೇಳ ಬೇಡ. ನಾಲ್ವರ ಕೂಲಿಯನ್ನು ಬರೆಯುವ ಪುಸ್ತಕದಲ್ಲಿ ಅವರ ಸ್ವಂತ ಕೂಲಿಯ ಸಾಲೇ ಇರಲಿಲ್ಲ, ಅದನ್ನು ಸೇರಿಸಿದೆವು. ಸೇರಿಸಿದಾಗ 7,500ಕ್ಕೆ ಹೋದ ಆ ಒಂದು ಸೀರೆಯೂ ನಷ್ಟವೇ ಎಂದು ತಿಳಿಯಿತು. ಅವರಿಗೆ ಬೇಸರವಾಗಬಹುದೆಂದುಕೊಂಡಿದ್ದೆ, “ಹಂಗಾರ ಅದು ಹೋಗದಿದ್ರೂ ನಡೀತಿತ್ತು” ಎಂದು ಹಗುರಾದರು.

ಖಾಲಿ ಹೊತ್ತಿಗೂ ಒಂದು ಕೆಲಸ ಕೊಟ್ಟೆ. ತಲೆ ತಗ್ಗಿಸಿ ಕೂರುವ ಬದಲು ದಾರಿಗೆ ಮುಖ ಮಾಡಿ ಹೊಲಿಯುವುದು, ನಿಂತು ನೋಡಿದವರು ಯಾವುದನ್ನು ಮುಟ್ಟಿದರೆಂದು ಗೀಟು ಹಾಕುವುದು, ಹಣವನ್ನು ಸಂಜೆ ಒಂದೇ ಸಲ ಎಣಿಸುವುದು. ಹತ್ತಿರದ ಎರಡು ದಿನದ ಒಂದು ಸಣ್ಣ ಮೇಳದಲ್ಲಿ 37 ಗೀಟುಗಳು ಬಿದ್ದವು. ಅವುಗಳಲ್ಲಿ 29 ಖಣ ಮತ್ತು ಪರ್ಸುಗಳ ಮುಂದಿದ್ದವು. ಸೀರೆಗಳನ್ನು ಇನ್ನು ಮುಂದೆ ಮುಂಗಡ ಕೊಟ್ಟವರಿಗೆ ಮಾತ್ರ ಹೊಲಿಯುವುದೆಂಬ ನಿರ್ಧಾರ ಅವರದೇ. ಚೌಕಾಸಿಗೆ ಉತ್ತರ ಕೊಡುವುದನ್ನೂ ಅಭ್ಯಾಸ ಮಾಡಿಸಿದೆ. ನಾನು ಗಿರಾಕಿಯಾಗಿ ಬೆಲೆ ಕೇಳಬೇಕು, ಅವರು ಸಮಜಾಯಿಷಿಯಿಲ್ಲದೆ, “ಬಟ್ಟಿ ತಿರುವಿ ನೋಡ್ರಿ. ರೊಕ್ಕ ಕಡಿಮಿ ಆಗಂಗಿಲ್ಲ” ಎನ್ನಬೇಕು. ನನ್ನ ಚೌಕಾಸಿ ಎಷ್ಟು ಸಪ್ಪೆಯಾಗಿತ್ತೆಂದರೆ, ಮೊದಲ ಬಾರಿಗೆ ಅವರು ನನ್ನೆದುರು ನಕ್ಕು, ಗಿರಾಕಿಗಳು ಹೇಗೆ ಎರಡು ಹೆಜ್ಜೆ ಹೋಗಿ ತಿರುಗಿ ನೋಡುತ್ತಾರೆಂದು ಎದ್ದು ನಡೆದು ತೋರಿಸಿದರು.

ಈಗ ಆರು ತಿಂಗಳಾಗಿದೆ. ಒಂದು ಜೊತೆ ಬಿಲ್ವಾರ ಬಿಡಿಸಿಕೊಂಡಿದ್ದಾರೆ, ಇನ್ನೊಂದು ಜೊತೆಯ ಬಡ್ಡಿ ಕಟ್ಟುತ್ತಿದ್ದಾರೆ. ಗಿಲೀಟಿನವನ್ನು ತೆಗೆದಿಟ್ಟು, ಖಾಲಿಯಿರುವ ಕೈಗೆ ಗಾಜಿನ ಬಳೆ ಹಾಕಿಕೊಂಡು ಬರುತ್ತಾರೆ. ನಿದ್ದೆ ಹೆಚ್ಚಿನ ರಾತ್ರಿಗಳಲ್ಲಿ ಐದರವರೆಗೆ ಬರುತ್ತದೆ. ಕಳೆದ ತಿಂಗಳ ಮೇಳದಲ್ಲಿ ಮೊದಲ ದಿನ ಏನೂ ಹೋಗಲಿಲ್ಲವಂತೆ. ರಾತ್ರಿ ಮಳಿಗೆಯ ಪರದೆ ಇಳಿಸುವ ಮೊದಲೇ ಮನೆಗೆ ಫೋನು ಮಾಡಿ, “ಇವತ್ತ ಬೋಣೀನ ಆಗಿಲ್ಲ” ಎಂದರಂತೆ. ಆ ಕಡೆಯಿಂದ ಪತಿ, “ಊಟಾ ಆತೇನು?” ಎಂದು ಕೇಳಿ, ತಂಗಿಯ ಟ್ರಂಕಿನಿಂದ ಮನೆಗೆ ಬಂದ ಸೀರೆಗಳ ಮಡಿಕೆಯನ್ನು ಅವ್ವ ಇವತ್ತು ಬದಲಿಸಿದ್ದಾಳೆ, ಒಂದೊಂದನ್ನೂ ತಿರುವಿ ಹಿಂಬದಿ ನೋಡುತ್ತ ಕೂತಿದ್ದಳು ಎಂದು ತಿಳಿಸಿದರಂತೆ.