ಕಾಲೇಜು ಗಾಲ್ಫ್ ಆಟಗಾರರ ತಂಡ ಸ್ಪರ್ಧೆಯಾದ ಪಾಮರ್ ಕಪ್ ಆಡುವ ಆಸೆ ಇದೆ. ಪಾಯಿಂಟ್ ಜಾಸ್ತಿ ಇರುವುದು ಸಿಂಗಲ್ಸ್‌ನಲ್ಲಿ, ಜೋಡಿ ಆಟದ ಅಭ್ಯಾಸ ಟೈಮ್ ವೇಸ್ಟ್ ಅಲ್ವಾ?

ನಾನೂ ಹೀಗೇ ಅಂದುಕೊಂಡಿದ್ದೆ, ಅಮೆರಿಕದ ಕಾಲೇಜೊಂದರ ತಂಡದಲ್ಲಿದ್ದಾಗ. ಅಲ್ಲಿನ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಐವರು ಆಡುತ್ತಾರೆ, ಒಳ್ಳೆಯ ನಾಲ್ಕು ಸ್ಕೋರ್ ಲೆಕ್ಕಕ್ಕೆ. ಹೆಸರಿಗೆ ತಂಡ, ಆಟ ಅವರವರದೇ.

ಒಮ್ಮೆ ಪಕ್ಕದ ರಾಜ್ಯದ ಕಾಲೇಜಿನ ಜೊತೆ ಮ್ಯಾಚ್ ಪ್ಲೇ ಇಟ್ಟರು, ಅಂದರೆ ಯಾರು ಎಷ್ಟು ಹೋಲ್ ಗೆದ್ದರು ಅನ್ನುವುದೇ ಲೆಕ್ಕ. ಬೆಳಿಗ್ಗೆ ಫೋರ್‌ಸಮ್ಸ್. ಜೋಡಿಗೆ ಒಂದೇ ಚೆಂಡು, ಒಂದು ಹೊಡೆತ ನನ್ನದು, ಮುಂದಿನದು ಜೊತೆಗಾರನದು. ಕೊನೆಯ ಹೋಲ್‌ಗೆ ಬಂದಾಗ ಎರಡೂ ಕಡೆ ಸಮ. ಟೀ ಹೊಡೆತ, ಅಂದರೆ ಆ ಹೋಲ್‌ನ ಮೊದಲ ಹೊಡೆತ, ನನ್ನದು. ಚೆಂಡು ಬಲಕ್ಕೆ ತಿರುಗಿ ಮರಗಳ ಆಚೆ ಹೋಯಿತು. ಔಟ್ ಆಫ್ ಬೌಂಡ್ಸ್ (ಆಟದ ಗಡಿಯಾಚೆ) ಇರಬಹುದು ಅನ್ನಿಸಿ, 'ಪ್ರೊವಿಷನಲ್' (ಮೊದಲನೆಯದು ಹೋಗಿದ್ದರೆ ಇರಲಿ ಅಂತ ಹೊಡೆಯುವ ಚೆಂಡು) ಅಂತ ಹೇಳಿ, ಜೇಬಿನಿಂದ ಇನ್ನೊಂದು ಚೆಂಡು ತೆಗೆದು ನಾನೇ ಹೊಡೆದುಬಿಟ್ಟೆ. ಚಿಕ್ಕಂದಿನಿಂದ ಕೈಗೆ ಅದೇ ರೂಢಿ.

ಅದು ಜೊತೆಗಾರ ಹೊಡೆಯಬೇಕಾದ ಚೆಂಡು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಒಳ್ಳೊಳ್ಳೆ ಆಟಗಾರರೂ ಇಲ್ಲಿ ಎಡವುತ್ತಾರೆ. ಮೊದಲ ಚೆಂಡು ಹೊರಗೆ ಹೋಗಿದ್ದರೆ ಪ್ರೊವಿಷನಲ್ಲೇ ನಮ್ಮ ಮುಂದಿನ ಹೊಡೆತ. ನನ್ನ ಸರದಿ ಆಗಲೇ ಮುಗಿದಿತ್ತು. ನಡುವೆ ಸೇರುವ ಪೆನಾಲ್ಟಿಯನ್ನು ಸರದಿಯಲ್ಲಿ ಎಣಿಸುವುದಿಲ್ಲ. 'ಪೆನಾಲ್ಟಿ ಒಂದಾಯಿತು, ಹಾಗಾಗಿ ಮತ್ತೆ ನಾನೇ' ಅನ್ನುವ ಹಾಗಿಲ್ಲ. ನೀರಿಗೆ ಬಿದ್ದರೂ ಅಷ್ಟೇ: ಬೀಳಿಸಿದ್ದು ನಾನು, ಡ್ರಾಪ್ ಆದ ಮೇಲೆ (ಚೆಂಡನ್ನು ಕೈಯಿಂದ ನೆಲಕ್ಕೆ ಬಿಟ್ಟ ಮೇಲೆ) ಹೊಡೆಯುವುದು ಜೊತೆಗಾರ. ಸರದಿ ತಪ್ಪಿದರೆ ಮ್ಯಾಚ್ ಪ್ಲೇಯಲ್ಲಿ ಹೋಲೇ ಎದುರಾಳಿಗೆ. ಹೋಗಿ ನೋಡಿದರೆ ಮೊದಲ ಚೆಂಡು ಹೊರಗೇ ಬಿದ್ದಿತ್ತು. ಹೋಲ್ ಹೋಯಿತು, ಮ್ಯಾಚೂ ಹೋಯಿತು. ಮಧ್ಯಾಹ್ನದ ಸಿಂಗಲ್ಸ್‌ಗೆ ಕೋಚ್ ನನ್ನನ್ನು ಇಳಿಸಲಿಲ್ಲ. ಪಾಮರ್ ಕಪ್‌ನ ಹತ್ತಿರಕ್ಕೂ ನಾನು ಹೋಗಲಿಲ್ಲ ಬಿಡಿ.

ನಿಮ್ಮ ಲೆಕ್ಕವೇ ತಪ್ಪು. ಪಾಮರ್ ಕಪ್‌ನಲ್ಲಿ ಒಂದೊಂದು ತಂಡದಲ್ಲಿ 12 ಹುಡುಗರು, 12 ಹುಡುಗಿಯರು. ಕೊನೆಯ ದಿನದ ಸಿಂಗಲ್ಸ್‌ಗೆ 24 ಪಾಯಿಂಟ್, ನಿಜ. ಆದರೆ ಒಟ್ಟು 60. ಉಳಿದ 36 ಪೂರ್ತಿ ಜೋಡಿ ಆಟದ್ದು, ಅದರಲ್ಲೂ ಹುಡುಗ-ಹುಡುಗಿ ಕೂಡಿ ಆಡುವುದೇ ಜಾಸ್ತಿ. ರ‍್ಯಾಂಕಿಂಗ್ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಸಮಿತಿ ಮತ್ತು ಕೋಚ್‌ಗಳು ಆರಿಸುವ ಜಾಗಗಳೂ ಇವೆ. ಜೋಡಿಯಲ್ಲಿ ಆಡಲು ಬಾರದವನನ್ನು ನಾನಂತೂ ಆರಿಸುವುದಿಲ್ಲ. 1997ರಲ್ಲಿ ಶುರುವಾದಾಗ ಅಮೆರಿಕದ ಎದುರು ಬ್ರಿಟನ್-ಐರ್ಲೆಂಡ್, 2003ರಿಂದ ಯುರೋಪ್. ಭಾರತದವರಿಗೆ ಬಾಗಿಲು ತೆರೆದಿದ್ದೇ 2018ರಲ್ಲಿ, ಎದುರಾಳಿ ತಂಡ 'ಇಂಟರ್‌ನ್ಯಾಷನಲ್' ಆದ ಮೇಲೆ. ಸಿಕ್ಕಿರುವ ಅವಕಾಶವನ್ನು ಸುಮ್ನೆ ಕಳೆದುಕೊಳ್ಳಬೇಡಿ.

ನಿಮ್ಮ ಕಾಲೇಜಿನಲ್ಲಿ ಹುಡುಗಿಯರ ತಂಡ ಇದ್ದರೆ ಕೋಚ್ ಹತ್ರ ಮಾತಾಡಿ, ಆಗಾಗ ಒಂಬತ್ತು ಹೋಲ್ ಮಿಕ್ಸೆಡ್ ಫೋರ್‌ಸಮ್ಸ್ ಆಡಿ. ಟೀ ಹೊಡೆತ ಒಬ್ಬರಿಗೆ ಬೆಸ ಹೋಲ್‌ಗಳಲ್ಲಿ, ಇನ್ನೊಬ್ಬರಿಗೆ ಸಮ ಹೋಲ್‌ಗಳಲ್ಲಿ; ಬೆಸ ಯಾರಿಗೆ ಅನ್ನುವುದನ್ನು ಪಾರ್-3ಗಳು (ಚಿಕ್ಕ ಹೋಲ್‌ಗಳು) ಎಲ್ಲಿ ಬರುತ್ತವೆ ನೋಡಿ ಮೊದಲೇ ಗೊತ್ತುಮಾಡಿ. ನಿಮ್ಮ ಜೊತೆಗಾರ್ತಿ ಬಳಸುವ ಚೆಂಡಿನಲ್ಲಿ ಚಿಪ್, ಪಟ್ (ಹೋಲ್ ಹತ್ತಿರದ ಸಣ್ಣ ಹೊಡೆತಗಳು) ಎಲ್ಲ ಮಾಡಿ ನೋಡಿ, ಗ್ರೀನ್ ಮೇಲೆ ಅದು ನಿಲ್ಲುವ ರೀತಿಯೇ ಬೇರೆ ಇರಬಹುದು. ಮತ್ತೆ ಕೆಟ್ಟ ಹೊಡೆತಕ್ಕೆಲ್ಲ ಸಾರಿ, ಸಾರಿ ಅನ್ನಬೇಡಿ. ಪಕ್ಕದಲ್ಲಿರುವವರಿಗೆ ಅದಕ್ಕಿಂತ ದೊಡ್ಡ ಕಿರಿಕಿರಿ ಇನ್ನೊಂದಿಲ್ಲ.