ಡಬ್ಬ ಖರ್ಚಾದರೆ ಹಾಡು ಉಳಿದೀತೇ?

ದಾವಣಗೆರೆಯ ಓದುಗರೊಬ್ಬರು ಬರೆಯುತ್ತಾರೆ: “ಕೊರಿಯಾದ ಪಾಪ್ ಸಂಗೀತ, ಕೆ-ಪಾಪ್, ಅಮೆರಿಕದಲ್ಲಿ ನಾಲ್ಕು ದಿನದ ಜಾತ್ರೆ ಎಂದು ನಿಮ್ಮ ಪತ್ರಿಕೆಯ ಲೇಖನವೊಂದು ತಳ್ಳಿಹಾಕಿದೆ. 2022ರಿಂದ ಈಚೆಗೆ ಸ್ಟ್ರೇ ಕಿಡ್ಸ್ ತಂಡದ ಆಲ್ಬಂಗಳು ಸಾಲಾಗಿ, ಅಲ್ಲಿ ಆಲ್ಬಂಗಳ ಓಟ ಅಳೆಯುವ ಬಿಲ್‌ಬೋರ್ಡ್ 200 ಪಟ್ಟಿಯ ಒಂದನೇ ಸ್ಥಾನಕ್ಕೇ ಬಂದು ಕೂತಿವೆ. ಇನ್ನೆಂಥ ಸಾಕ್ಷಿ ಬೇಕು? ಕೊನೆಗೊಂದು ಪ್ರಶ್ನೆ: ಕನ್ನಡದವರಿಗೆ ಕೊರಿಯನ್ ಕಲಿಯುವುದು ಕಷ್ಟವೇ?”

ಸಂಪಾದಕರ ಉತ್ತರ:

ನಿಮ್ಮ ಪೂರ್ತಿ ಪತ್ರದಲ್ಲಿ ತಂಡಗಳ ಹೆಸರು ಒಂದೂ ತಪ್ಪಿಲ್ಲ, ಹಾಡಿನ ಶೀರ್ಷಿಕೆಯನ್ನು ಕೊರಿಯನ್ನರ ಹಂಗುಲ್ ಲಿಪಿಯಲ್ಲೇ ದುಂಡಗೆ ಬರೆದಿದ್ದೀರಿ. ಇಷ್ಟು ಶ್ರದ್ಧೆ ಇರುವವರು ಸಾಕ್ಷಿ ಹೇಳುವಾಗ ಮಾತ್ರ ಪಟ್ಟಿಯ ತುದಿ ತೋರಿಸಿ ಸುಮ್ಮನಾದದ್ದೇಕೆ? ‘ನಾಲ್ಕು ದಿನದ ಜಾತ್ರೆ’ ಎಂಬುದು ಸೋಮಾರಿ ಮಾತು, ಅದನ್ನು ಒಪ್ಪಿದೆವು. ಹದಿನೈದು ವರ್ಷ ದಾಟಿದ್ದನ್ನು ಜಾತ್ರೆ ಎನ್ನಲಾಗದು. ಆದರೆ ನೀವು ಹಿಡಿದಿರುವ ಅಳತೆಗೋಲೂ ಸರಿಯಿಲ್ಲ.

2024ರಲ್ಲಿ ಇದೇ ಸ್ಟ್ರೇ ಕಿಡ್ಸ್‌ನ ಆಲ್ಬಂ ಒಂದನೇ ಸ್ಥಾನದಲ್ಲಿತ್ತಲ್ಲ, ಅದರ ಮುಖ್ಯ ಹಾಡು ಬಿಡಿ ಹಾಡುಗಳ ಹಾಟ್ 100 ಪಟ್ಟಿಯಲ್ಲಿ ಏರಿದ್ದು 49ರವರೆಗೆ. ಅದರ ಹಿಂದಿನ ವರ್ಷದ ಹಾಡು 90ಕ್ಕೇ ನಿಂತಿತ್ತು. ಆಲ್ಬಂ ಶಿಖರದಲ್ಲಿ, ಹಾಡು ತಪ್ಪಲಿನಲ್ಲಿ. ಏಕೆಂದರೆ ಎರಡು ಪಟ್ಟಿಗಳೂ ಅಳೆಯುವುದು ಬೇರೆ ಬೇರೆಯನ್ನು. ಹಾಟ್ 100ಕ್ಕೆ ಸ್ಟ್ರೀಮಿಂಗ್, ರೇಡಿಯೋ, ಮಾರಾಟ ಮೂರೂ ಸೇರಬೇಕು. ಆಲ್ಬಂ ಪಟ್ಟಿಗೆ ರೇಡಿಯೋ ಬೇಕಿಲ್ಲ. ಡಬ್ಬ ಮಾರಿದರೂ ಸಾಕು.

ಡಬ್ಬ ಎಂದದ್ದು ತಮಾಷೆಗಲ್ಲ. ಕೆ-ಪಾಪ್ ಆಲ್ಬಂ ಒಂದನ್ನು ಬಿಚ್ಚಿ ನೋಡಿ: ದಪ್ಪ ರಟ್ಟಿನ ಪೆಟ್ಟಿಗೆ, ಒಳಗೆ ಫೋಟೋ ಪುಸ್ತಕ, ಸ್ಟಿಕರ್, ಪೋಸ್ಟರ್, ಮೂಲೆಯಲ್ಲೆಲ್ಲೋ ಒಂದು ಸಿಡಿ, ಮತ್ತು ಎಟಿಎಂ ಕಾರ್ಡಿನ ಗಾತ್ರದ ಒಂದೋ ಎರಡೋ ಫೋಟೋಕಾರ್ಡ್. ಎಂಟು ಜನರ ತಂಡದಲ್ಲಿ ಯಾರ ಮುಖದ ಕಾರ್ಡ್ ಬರುತ್ತದೆಂಬುದು ಬಿಚ್ಚುವವರೆಗೆ ಗೊತ್ತಿಲ್ಲ. ತನ್ನ ಮೆಚ್ಚಿನವನ ಕಾರ್ಡ್ ಸಿಗದ ಹುಡುಗಿ ಇನ್ನೊಂದು ಪೆಟ್ಟಿಗೆ ಕೊಳ್ಳುತ್ತಾಳೆ. ಅದೇ ಆಲ್ಬಂ ಮೂರು ನಾಲ್ಕು ಹೊದಿಕೆಗಳಲ್ಲಿ ಬರುತ್ತದೆ. ಅಮೆರಿಕದ ಒಂದೊಂದು ದೊಡ್ಡ ಅಂಗಡಿಗೆ ಬೇರೆಯೇ ಕಾರ್ಡ್ ಇರುವ ಇನ್ನೊಂದು ಆವೃತ್ತಿ. ಹಾಡುಗಳು ಮಾತ್ರ ಎಲ್ಲದರಲ್ಲೂ ಅವೇ.

ಈಗ ಲೆಕ್ಕ. ಬಿಲ್‌ಬೋರ್ಡ್ 2018ರಲ್ಲಿ ತಂದು 2025ರ ಕೊನೆಯವರೆಗೆ ಪಾಲಿಸಿದ ನಿಯಮದ ಪ್ರಕಾರ ಹಣ ಕಟ್ಟಿದ ಚಂದಾದಾರರು 1,250 ಬಾರಿ ಹಾಡು ಕೇಳಿದರೆ ಒಂದು ಆಲ್ಬಂ ಮಾರಿದಂತೆ; ಜಾಹೀರಾತು ಸಹಿತ ಉಚಿತ ಕೇಳುಗರಾದರೆ 3,750 ಬಾರಿ. ಹಾಡು ಮೂರು ನಿಮಿಷದ್ದೆಂದು ಹಿಡಿದರೆ 1,250 ಬಾರಿಗೆ 62 ಗಂಟೆ 30 ನಿಮಿಷ. ಸಿಡಿ ಪ್ಲೇಯರ್ರೇ ಇಲ್ಲದ ಮನೆಯಲ್ಲಿ ಐದು ಪೆಟ್ಟಿಗೆ ಬಂದು ಬಿದ್ದರೆ ಆ ಲೆಕ್ಕದಲ್ಲಿ 312 ಗಂಟೆ 30 ನಿಮಿಷ ಕೇಳಿದಷ್ಟು ತೂಕ. ಬಿಡುಗಡೆಯ ಹೊತ್ತೂ ಈ ಲೆಕ್ಕಕ್ಕೇ ಹೊಂದಿಕೊಂಡಿದೆ. ಪಟ್ಟಿಯ ವಾರ ಶುಕ್ರವಾರದಿಂದ ಗುರುವಾರ. ಅದಕ್ಕೇ ದೊಡ್ಡ ಆಲ್ಬಂಗಳು ಸಿಯೋಲ್‌ನಲ್ಲಿ ಶುಕ್ರವಾರ ಮಧ್ಯಾಹ್ನ 1 ಗಂಟೆಗೆ ಹೊರಬೀಳುತ್ತವೆ. ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಆಗ ಸರಿಯಾಗಿ ನಡುರಾತ್ರಿ 12. ಏಳು ದಿನದಲ್ಲಿ ಒಂದು ಗಂಟೆಯೂ ಪೋಲಾಗದು. ಎರಡನೇ ವಾರ ನೋಡಿ, ಆಲ್ಬಂ ಧೊಪ್ಪನೆ ಬಿದ್ದಿರುತ್ತದೆ. ಕೊಳ್ಳುವವರೆಲ್ಲ ಮೊದಲ ವಾರವೇ ಕೊಂಡು ಮುಗಿಸಿರುತ್ತಾರೆ.

ನಿಯಮ ಬದಲಾದರೆ ‘ಇತಿಹಾಸ’ವೂ ಬದಲಾಗುತ್ತದೆ. 2012ರಲ್ಲಿ ಸೈ ಹಾಡಿದ ‘ಗಂಗ್ನಮ್ ಸ್ಟೈಲ್’ ಹಾಟ್ 100ರಲ್ಲಿ ಏಳು ವಾರ ಎರಡನೇ ಸ್ಥಾನದಲ್ಲೇ ಕೊಳೆಯಿತು. ಆ ವರ್ಷಾಂತ್ಯಕ್ಕೆ ಯೂಟ್ಯೂಬ್‌ನಲ್ಲಿ ನೂರು ಕೋಟಿ ವೀಕ್ಷಣೆ ಮುಟ್ಟಿದ ಮೊದಲ ವಿಡಿಯೋ ಅದು. ಆದರೆ ಯೂಟ್ಯೂಬ್ ವೀಕ್ಷಣೆ ಪಟ್ಟಿಯ ಲೆಕ್ಕಕ್ಕೆ ಸೇರಿದ್ದು 2013ರ ಫೆಬ್ರವರಿಯಲ್ಲಿ. ಕೇಳಿದವರು ಕೋಟ್ಯಂತರ ಇದ್ದರೂ ಅಳೆಯುವ ಪಾತ್ರೆ ಇರಲಿಲ್ಲ. ಆಮೇಲೆ ಪಾತ್ರೆ ಬಂತು, ಅದನ್ನು ತುಂಬುವ ಉಪಾಯವೂ ಗೊತ್ತಾಯಿತು.

ಇದರ ಹಿಂದಿರುವ ಕೊರತೆ ಅರ್ಥವಾಗದೆ ಅಭಿಮಾನಿಗಳನ್ನು ಆಡಿಕೊಳ್ಳುವುದೂ ತಪ್ಪು. ಸ್ಪ್ಯಾನಿಷ್ ಹಾಡು ಅಮೆರಿಕದಲ್ಲಿ ಹೇಗೆ ನಿಂತಿತು? ‘ದೆಸ್ಪಸಿತೊ’ 2017ರಲ್ಲಿ 16 ವಾರ ಒಂದನೇ ಸ್ಥಾನದಲ್ಲಿತ್ತು. 2022ರ ವರ್ಷಾಂತ್ಯದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ ತುದಿಯಲ್ಲಿದ್ದದ್ದು ಪೋರ್ಟೊರಿಕೊದ ಗಾಯಕ ಬ್ಯಾಡ್ ಬನ್ನಿಯ ಪೂರ್ತಿ ಸ್ಪ್ಯಾನಿಷ್ ಆಲ್ಬಂ. ಅಲ್ಲಿ ಆರು ಕೋಟಿಗೂ ಮಿಕ್ಕಿ ಹಿಸ್ಪಾನಿಕ್ ಜನರಿದ್ದಾರೆ, ಅವರದೇ ರೇಡಿಯೋ ಕೇಂದ್ರಗಳಿವೆ, ಮದುವೆ ಮನೆಗಳಿವೆ, ಟ್ಯಾಕ್ಸಿಗಳಿವೆ. ಕೊರಿಯನ್ ಮೂಲದವರು ಸುಮಾರು 20 ಲಕ್ಷ. ಅಷ್ಟು ಜನರಿಂದ ರೇಡಿಯೋ ಕದ ತೆರೆಯುವುದಿಲ್ಲ. ಇಲ್ಲದ ಕೇರಿಯನ್ನು ಕೊರಿಯಾದ ಕಂಪನಿಗಳು ಅಭಿಮಾನಿ ಸಂಘದಿಂದ ಕಟ್ಟಿಕೊಂಡವು. ಫೋಟೋಕಾರ್ಡೇ ಆ ಕೇರಿಯ ಪಡಿತರ ಚೀಟಿ. ಜಾಣತನ ಮೆಚ್ಚಬೇಕಾದ್ದೇ. ಆದರೆ ಹದಿನಾರಕ್ಕೆ ಐದು ಪೆಟ್ಟಿಗೆ ಕೊಂಡವಳು ಇಪ್ಪತ್ತಾರಕ್ಕೆ ಬಾಡಿಗೆ ಕಟ್ಟುತ್ತಿರುತ್ತಾಳೆ.

ತಂಡಕ್ಕೂ ಗಡಿಯಾರ ಕಟ್ಟಿದೆ. ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ 2009ರಲ್ಲಿ ತಂದ ಮಾದರಿ ಕರಾರಿನ ಅವಧಿ ಏಳು ವರ್ಷ. ಹದಿಮೂರು ವರ್ಷದಂಥ ಜೀತದ ಕರಾರುಗಳಿಂದ ಹುಡುಗರನ್ನು ಕಾಪಾಡಿದ ಒಳ್ಳೆಯ ನಿಯಮ. ಆದರೆ ಏಳನೇ ವರ್ಷಕ್ಕೆ ತಂಡ ಒಡೆಯುವುದು ರೂಢಿಯಾಗಿ, ‘ಏಳು ವರ್ಷದ ಶಾಪ’ ಎಂಬ ಮಾತೇ ಹುಟ್ಟಿತು. ಹುಡುಗರಿಗೆ ಮೇಲಿಂದ ಸೇನಾ ಸೇವೆ: ಭೂಸೇನೆಯಲ್ಲಾದರೆ 18 ತಿಂಗಳು. ಕೊರಿಯಾದ ಹೆಸರಾಂತ ತಂಡ ಬಿಟಿಎಸ್‌ನ ಏಳು ಜನ ಸರದಿಯಂತೆ ಹೋಗಿ ಬರಲು 2022ರ ಡಿಸೆಂಬರಿನಿಂದ 2025ರ ಜೂನ್ ಹಿಡಿಯಿತು. ಪಶ್ಚಿಮದ ಬ್ಯಾಂಡುಗಳು ನಲವತ್ತು ವರ್ಷ ಊರೂರು ಸುತ್ತಿ ಬೇರು ಬಿಡುತ್ತವೆ. ಇಲ್ಲಿ ಬೇರು ಬಿಡುವ ಹೊತ್ತಿಗೆ ಹೊಸ ಸಸಿ ನೆಡಬೇಕು.

ಇನ್ನು ಭಾಷೆ. ನಮ್ಮ ತಕರಾರು ಇರುವುದು ಇಲ್ಲಿಯೇ. 2020ರಲ್ಲಿ ಬಿಟಿಎಸ್‌ನ ಸ್ವಂತದ ಎರಡು ಹಾಡು ಒಂದನೇ ಸ್ಥಾನಕ್ಕೆ ಬಂದವು. ಪೂರ್ತಿ ಇಂಗ್ಲಿಷಿನ ‘ಡೈನಮೈಟ್’ ಹಾಟ್ 100ರಲ್ಲಿ 32 ವಾರ ಉಳಿಯಿತು. ಬಹುಪಾಲು ಕೊರಿಯನ್‌ನಲ್ಲಿದ್ದ ‘ಲೈಫ್ ಗೋಸ್ ಆನ್’ ಎರಡನೇ ವಾರಕ್ಕೇ 28ಕ್ಕೆ ಜಾರಿತು. ರೇಡಿಯೋದವರು ಅದನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಇದರಿಂದ ಕಂಪನಿಗಳು ಕಲಿತ ಪಾಠ ‘ಇಂಗ್ಲಿಷಿನಲ್ಲಿ ಹಾಡಿಸಿ’. ನಮಗೆ ಈ ಪಾಠ ಹಿಡಿಸುವುದಿಲ್ಲ. ಇಂಗ್ಲಿಷಿನಲ್ಲಿ ಹಾಡಿದ ಕ್ಷಣ ಲಾಸ್ ಏಂಜಲೀಸಿನ ನೂರು ಹುಡುಗರ ಸಾಲಿನಲ್ಲಿ ನೂರಾ ಒಂದನೆಯವರಾಗಿ ನಿಲ್ಲಬೇಕು. ಅವರಿಗೆ ಆ ಭಾಷೆ ತಾಯಿಯದು, ನಿಮಗೆ ಪಾಠದ್ದು.

2024ರ ಕೊನೆಗೆ ಕೊರಿಯಾದ ಬ್ಲ್ಯಾಕ್‌ಪಿಂಕ್ ತಂಡದ ರೋಸೆ ಮತ್ತು ಅಮೆರಿಕದ ಬ್ರೂನೋ ಮಾರ್ಸ್ ಹಾಡಿದ ‘APT.’ ನೋಡಿ. ಮುಕ್ಕಾಲು ಇಂಗ್ಲಿಷ್ ಹೌದು. ಆದರೆ ಜನರ ನಾಲಿಗೆ ಮೇಲೆ ಕೂತದ್ದು ‘ಅಪಾತು’. ಅಪಾರ್ಟ್‌ಮೆಂಟ್ ಎಂಬ ಪದವನ್ನು ಕೊರಿಯನ್ನರು ಕತ್ತರಿಸಿ ತಮ್ಮದಾಗಿಸಿಕೊಂಡದ್ದು. ಅದು ಕುಡಿತದ ಕೂಟದ ಆಟ: ಎಲ್ಲರೂ ಅಂಗೈ ಮೇಲೆ ಅಂಗೈ ಪೇರಿಸುತ್ತಾರೆ, ಒಬ್ಬ ಸಂಖ್ಯೆ ಕೂಗುತ್ತಾನೆ, ಕೆಳಗಿನ ಕೈ ಒಂದೊಂದೇ ಎಳೆದು ಮೇಲಿಡುತ್ತ ಮಹಡಿ ಎಣಿಸುತ್ತಾರೆ; ಕೂಗಿದ ಮಹಡಿಗೆ ಯಾರ ಕೈ ಬಂತೋ ಅವರು ಕುಡಿಯಬೇಕು. ಅರ್ಥ ಗೊತ್ತಿಲ್ಲದ ಇಂಗ್ಲೆಂಡಿನ ಮಕ್ಕಳೂ ಅದನ್ನು ಕೂಗಿದರು. ಹಾಟ್ 100ರಲ್ಲಿ ಮೂರನೇ ಸ್ಥಾನದವರೆಗೆ ಹೋಯಿತು. ಸ್ಥಾನ ಮೂರೇ, ಆದರೆ ನಿಮ್ಮ ಹತ್ತು ಒಂದನೇ ಸ್ಥಾನಗಳಿಗಿಂತ ನಮಗಿದು ಹೆಚ್ಚು.

2025ರ ಆನಿಮೇಷನ್ ಚಿತ್ರ ‘ಕೆಪಾಪ್ ಡೀಮನ್ ಹಂಟರ್ಸ್’ನ ‘ಗೋಲ್ಡನ್’ ಎಂಟು ವಾರ ಒಂದನೇ ಸ್ಥಾನದಲ್ಲಿತ್ತು, ಫೋಟೋಕಾರ್ಡಿನ ಹಂಗಿಲ್ಲದೆ. ಅದನ್ನು ಬರೆದು ಹಾಡಿದವರಲ್ಲಿ ಮುಖ್ಯಳಾದ ಈಜೇ ಚಿಕ್ಕಂದಿನಿಂದ ವರ್ಷಗಟ್ಟಲೆ ಕೊರಿಯಾದ ಕಂಪನಿಯೊಂದರಲ್ಲಿ ತರಬೇತಿ ಪಡೆದೂ ಯಾವ ತಂಡಕ್ಕೂ ಆಯ್ಕೆಯಾಗದವಳು. ಸೋಸಿ ಹೊರಹಾಕಿದ ಧ್ವನಿಯೇ ಕೊನೆಗೆ ಮನೆಮನೆಗೆ ಮುಟ್ಟಿತು.

ಈ ಎಣಿಕೆಯ ರೋಗ ನಮ್ಮಲ್ಲಿಲ್ಲವೇ? ಕನ್ನಡ ಚಿತ್ರದ ಹಾಡು ಬಂದ ಮರುದಿನದ ಪೋಸ್ಟರಿನಲ್ಲಿ ಇಷ್ಟು ಮಿಲಿಯನ್ ವೀಕ್ಷಣೆ, ಟ್ರೆಂಡಿಂಗ್ ಒಂದು ಎಂಬ ದಪ್ಪಕ್ಷರ. ಬರೆದ ಕವಿಯ ಹೆಸರು ಭೂತಗನ್ನಡಿ ಹಿಡಿದು ಹುಡುಕಬೇಕು. ಪತ್ರಿಕೆಗಳೂ ಅದೇ ಸಂಖ್ಯೆಯನ್ನು ಸುದ್ದಿ ಎಂದು ಅಚ್ಚು ಹಾಕುತ್ತವೆ. ರಾಗ ಯಾವುದು, ಪಲ್ಲವಿ ಎಲ್ಲಿ ತಿರುಗಿತು ಎಂದು ಎರಡು ಸಾಲು ಬರೆಯುವವರಿಲ್ಲ. ಆ ಜಾಹೀರಾತು ಓದಿ ಬೆಳೆದವರು ದಾವಣಗೆರೆಯಿಂದ ಬಿಲ್‌ಬೋರ್ಡ್ ಅಂಕಿ ಬರೆದು ಕಳಿಸಿದರೆ ತಪ್ಪು ಅವರೊಬ್ಬರದೇ ಅಲ್ಲ ಬಿಡಿ.

ಕೊರಿಯನ್ ಕಲಿಕೆಯ ಪ್ರಶ್ನೆಗೆ: ಅಮೆರಿಕದವರಿಗಿಂತ ನಿಮಗೆ ಸಲೀಸು. ಮೂಲಾಕ್ಷರ 24: ವ್ಯಂಜನ 14, ಸ್ವರ 10. ನಮ್ಮಂತೆಯೇ ಕ್ರಿಯಾಪದ ಕೊನೆಗೆ, ಪ್ರತ್ಯಯ ಪದದ ಬಾಲಕ್ಕೆ. ‘ಬಾಪ್’ ಎಂದರೆ ಅನ್ನ. ‘ಉಲ್’ ಸೇರಿ ‘ಬಾಬುಲ್’ ಆದರೆ ‘ಅನ್ನವನ್ನು’. ಕಾಡುವುದು ಗೌರವದ ಮಟ್ಟಗಳು. ನಮ್ಮ ನೀನು-ನೀವುಗಿಂತ ಅವು ಬಹಳ. ಮೊದಲ ದಿನದ ಧೈರ್ಯಕ್ಕೆ ಒಂದು ಪದ ಈಗಾಗಲೇ ನಿಮಗೆ ಬರುತ್ತದೆ: ಅವರಲ್ಲೂ ಮಕ್ಕಳು ತಂದೆಯನ್ನು ‘ಅಪ್ಪಾ’ ಎಂದೇ ಕರೆಯುವುದು.