ಆ ಸೈಕಲ್ ಯಾರ್ದು? ಒಂದು ಆಪ್ತಸಲಹೆ ಪ್ರಕರಣ

ನನ್ನ ಹತ್ರ ಆಪ್ತಸಲಹೆಗೆ ಬಂದವರೊಬ್ರ ಕಥೆ ಇದು. ಮೊದಲೇ ಹೇಳ್ಬಿಡ್ತೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ತೀರ್ಥಹಳ್ಳಿ ಕಡೆ ತೋಟ, ಮನೆ ಶಿವಮೊಗ್ಗದಲ್ಲಿ, ವಯಸ್ಸು ಐವತ್ತರ ಹತ್ರ. ಇಷ್ಟು ಸಾಕು.

ಫೋನ್ ಮಾಡಿದ್ದು ಹೆಂಡತಿ. "ಮೇಡಂ, ನಮ್ಮನೆಯವ್ರು ರಾತ್ರಿ ಹನ್ನೊಂದು ಗಂಟೆ ಮೇಲೆ ಎದ್ದು ಹೋಗಿ ಕಾರ್ ಶೆಡ್ಡಲ್ಲಿ ಕೂತ್ಕೊಂಡು ಸೈಕಲ್ ಒರೆಸ್ತಾರೆ, ಅದೂ ಮಕ್ಕಳ ಸೈಕಲ್ಲು, 18,000 ಕೊಟ್ಟು ಬೆಂಗಳೂರಿಂದ ತರಿಸಿದಾರೆ, ಯಾರ ಹತ್ರ ಹೇಳ್ಕೊಳ್ಲಿ ಇದನ್ನ." ಸೈಕಲ್ ವಿಷ್ಯ ಪಕ್ಕಕ್ಕಿಡಿ, ಗಂಡನಿಗೂ ಹದಿನಾಲ್ಕು ವರ್ಷದ ಮಗನಿಗೂ ಮಾತು ನಿಂತು ಎರಡು ತಿಂಗಳಾಗಿತ್ತು. ಮಗ ಮೊಬೈಲ್ ಹಿಡ್ಕೊಂಡು ಕೂತಿದ್ದಾಗ ಇವರು ಯಥಾಪ್ರಕಾರ "ನಿನ್ ವಯಸ್ಸಲ್ಲಿ ನಾನು ಬಿಎಂಎಕ್ಸಲ್ಲಿ ಗುಡ್ಡ ಇಳೀತಿದ್ದೆ" ಅಂತ ಶುರು ಮಾಡಿದಾರೆ, ಅವನು "ಅಪ್ಪಯ್ಯ, ಆ ಸೈಕಲ್ ಕಥೆ ಸಾಕು" ಅಂದಿದಾನೆ, ಇವರು ಮೊಬೈಲ್ ಕಿತ್ಕೊಂಡು ಬೀರುವಲ್ಲಿಟ್ಟು ಬೀಗ ಹಾಕಿದಾರೆ.

ಮೊದಲನೇ ಸಲ ಬಂದಾಗ ನಲವತ್ತು ನಿಮಿಷ ಬರೀ ಸೈಕಲ್ ಮಾತು. ನಂಗೆ ಬಿಎಂಎಕ್ಸ್ ಅಂದ್ರೆ ದಪ್ಪ ಟಯರ್ ಸೈಕಲ್ ಅನ್ನೋದು ಬಿಟ್ರೆ ಏನೂ ಗೊತ್ತಿರ್ಲಿಲ್ಲ, ಅವರೇ ಪಾಠ ಮಾಡಿದ್ರು. 1970ರ ದಶಕದ ಶುರುವಲ್ಲಿ ಕ್ಯಾಲಿಫೋರ್ನಿಯಾದ ಹುಡುಗ್ರು ಮೋಟೋಕ್ರಾಸ್, ಅಂದ್ರೆ ಮಣ್ಣಿನ ದಾರೀಲಿ ನಡೆಯೋ ಮೋಟರ್‌ಬೈಕ್ ರೇಸ್ ನೋಡಿ, ಹಾಗೇ ಮಣ್ಣಲ್ಲಿ ಸೈಕಲ್ ಹಾರಿಸೋಕೆ ಶುರು ಮಾಡಿದ್ದಂತೆ, ಹೆಸರಲ್ಲಿರೋ ಎಕ್ಸ್ ಅಂದ್ರೆ ಮೋಟೋಕ್ರಾಸ್‌ನ ಕ್ರಾಸಂತೆ, 20 ಇಂಚಿನ ಗಾಲಿ, ಗೇರ್ ಒಂದೇ, ಎಂಟು ಜನ ಒಟ್ಟಿಗೆ ಗೇಟಿಂದ ಬಿಟ್ರೆ ಒಂದು ನಿಮಿಷದೊಳಗೆ ರೇಸ್ ಮುಗೀತು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಸೇರಿದ್ದನ್ನ ಹೇಳುವಾಗ ಅವರ ಮುಖ ನೋಡ್ಬೇಕಿತ್ತು, ಅವರ ಊರಿಗೇ ಮೆಡಲ್ ಬಂದ ಹಾಗೆ.

ಆಮೇಲೆ ಅವರ ಊರಿನ ರೇಸು. 1988ರ ಬೇಸಿಗೆ ರಜೆ, ಗೇರುಹಣ್ಣಿನ ಕಾಲ, ಮನೆ ಹಿಂದಿನ ಗುಡ್ಡದಿಂದ ಕೆಮ್ಮಣ್ಣಿನ ದಾರೀಲಿ ಇಳಿದು ಕೊಯ್ಲಾದ ಗದ್ದೆ ದಾಟಿ ತೋಟದ ಬೇಲಿ ತನಕ. ಬಸಿಗಾಲುವೆ ಹತ್ರ ಕಲ್ಲಿಟ್ಟು ಅದ್ರ ಮೇಲೆ ಅಡಿಕೆ ದಬ್ಬೆ ಜೋಡ್ಸಿ ಹಾರೋಕೆ ರ‍್ಯಾಂಪು. ಬೇರೆ ಹುಡುಗ್ರೆಲ್ಲಾ ಅಪ್ಪಂದಿರ ದೊಡ್ಡ ಸೈಕಲ್ ಮೇಲೆ, ಕೆಲವ್ರು ಇನ್ನೂ ಒಳಪೆಡ್ಲು ಹೊಡೆಯೋರು, ಇವರೊಬ್ರೇ ಬಿಎಂಎಕ್ಸ್ ಮೇಲೆ. ಪ್ರತಿ ಕಥೇಲೂ ಇವರೇ ಗೆಲ್ತಿದ್ರು, ಒಂದ್ಸಲಾನೂ ಬೀಳ್ಲಿಲ್ಲ. ನಂಗೆ ಅಲ್ಲೇ ಅನುಮಾನ ಬಂತು. ಮಲೆನಾಡಲ್ಲಿ ಸೈಕಲ್ ಕಲಿತೋರ ಮೊಣಕಾಲು ನೋಡಿದೀನಿ ನಾನು.

ಹಳೇದನ್ನ ನೆನೆಸ್ಕೊಳ್ಳೋದು ಕಾಯಿಲೆ ಅಲ್ಲ. 1688ರಲ್ಲಿ ಯೋಹಾನೆಸ್ ಹೋಫರ್ ಅನ್ನೋ ಸ್ವಿಸ್ ವೈದ್ಯ ಊರಿನ ಹಂಬಲಕ್ಕೆ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟಾಗ ಅದನ್ನ ಕಾಯಿಲೆ ಅಂತಾನೇ ಬರೆದಿದ್ದ, ಈಗ ಯಾರೂ ಹಾಗೆ ನೋಡಲ್ಲ. ನಲವತ್ತು ದಾಟಿದವ್ರಿಗೆ ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳೇ ಜಾಸ್ತಿ ಬರೋದು ಸಹಜ. ಆದ್ರೂ ನಿದ್ದೆ, ಊಟ, ಕುಡಿತ, ಸಾಯೋ ಯೋಚ್ನೆ ಎಲ್ಲಾ ನೇರವಾಗಿ ಕೇಳ್ದೆ, ಕೇಳ್ಲೇಬೇಕು. ನಿದ್ದೆ ಕೆಟ್ಟಿತ್ತು, ಬಾಕಿ ಸರಿ ಇತ್ತು. ಸೈಕಲ್ ಮಾರಿಸ್ಬಿಡಿ ಅಂತ ಹೆಂಡತಿ ಕೇಳಿದ್ರು, ಸದ್ಯಕ್ಕೆ ಬೇಡ ಅಂದೆ.

ಎರಡನೇ ಸಲ ಒಂದೇ ಒಂದು ದಿನ ತಗೊಳ್ಳಿ, ಬೆಳಿಗ್ಗೆ ಎದ್ದಲ್ಲಿಂದ ಹೇಳಿ ಅಂದೆ. ಕಾಲಲ್ಲಿ ಏನಿತ್ತು, ತಿಂಡಿ ಏನು, ಯಾರ ದನಿ ಕೇಳ್ತಿತ್ತು. ಚೆನ್ನಾಗೇ ಹೇಳ್ತಾ ಬಂದ್ರು. ನಾನು ಸುಮ್ನೆ ಕೇಳಿದ್ದು, "ರಾತ್ರಿ ಸೈಕಲ್ ಎಲ್ಲಿ ನಿಲ್ಲಿಸ್ತಿದ್ರಿ?"

ಮಾತು ನಿಂತೋಯ್ತು. ಫ್ಯಾನ್ ಸದ್ದು ಅಷ್ಟೇ. ಆಮೇಲೆ, "ದೊಡ್ಡಪ್ಪನ ಮನೆ ಜಗುಲಿ ಮೇಲೆ."

ಸೈಕಲ್ ಇವರದ್ದಾಗಿರ್ಲೇ ಇಲ್ಲ. ದೊಡ್ಡಪ್ಪನ ಮಗ ಬೊಂಬಾಯಲ್ಲಿ ಓದ್ತಿದ್ದ, ರಜೆಗೆ ಬರುವಾಗ ತಂದಿದ್ದು, ಹ್ಯಾಂಡಲ್ ಮೇಲೆ ಸ್ಪಂಜಿನ ಪ್ಯಾಡ್ ಇದ್ದದ್ದು. "ಗುಡ್ಡ ಹತ್ತಿಸಿ ಕೊಡ್ತಿದ್ದೆ ಮೇಡಂ. ಎರಡು ಸಲ ತಳ್ಕೊಂಡು ಹತ್ತಿಸಿದ್ರೆ ಒಂದು ಸಲ ನಂಗೆ. ಗೆದ್ದಿದ್ದು ಒಂದೇ ಸಲ, ಅವತ್ತು ಅಣ್ಣಂಗೆ ಜ್ವರ." ಹೇಳಿ ನಕ್ರು, ನಗ್ತಾ ಕನ್ನಡಕ ತೆಗೆದು ಒರೆಸ್ಕೊಂಡ್ರು. ಅಪ್ಪನ್ನ ಕೇಳಿದ್ದಕ್ಕೆ ಅಡಿಕೆಗೆ ರೇಟ್ ಬರ್ಲಿ ಅಂದಿದ್ರಂತೆ. ರೇಟ್ ಬರೋ ಹೊತ್ತಿಗೆ ಇವರಿಗೆ ಮೀಸೆ ಬಂದಿತ್ತು. ಮದುವೆ ಆದ್ಮೇಲೆ ಯಾವತ್ತೋ ಮಾತಿಗೆ "ನನ್ ಬಿಎಂಎಕ್ಸ್" ಅಂದ್ರಂತೆ, ಹದಿನೇಳು ವರ್ಷದಿಂದ ಅದೇ ನಡ್ಕೊಂಡು ಬಂದಿತ್ತು. ಅಣ್ಣನ ಜೊತೆ ಪಾಲಿನ ಜಗಳ ಆಗಿ ಮಾತಿಲ್ಲ, ಹಾಗಾಗಿ ಸುಳ್ಳು ಅನ್ನೋಕೆ ಎದುರಿಗೆ ಯಾರೂ ಇರ್ಲಿಲ್ಲ.

ಇದನ್ನ ಸುಳ್ಳು ಅಂತ ಕರೆಯೋಕೆ ನಂಗೆ ಮನಸ್ಸಿಲ್ಲ. ನೆನಪು ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಹೊಸದಾಗಿ ಕಟ್ಕೊಳ್ಳುತ್ತೆ, ಬೇಡದ್ದು ಉದುರುತ್ತೆ. ಇಲ್ಲಿ ಉದುರಿದ್ದು ಆ ತಳ್ಳಿದ್ದು, ಕಾದಿದ್ದು. ತೊಂದರೆ ಏನಂದ್ರೆ ಆ ಗೆದ್ದ ಹುಡುಗನ್ನ ತಗೊಂಡೋಗಿ ಮಗನ ಪಕ್ಕ ನಿಲ್ಲಿಸಿ ಅಳೀತಿದ್ರು, ಅಳತೆ ಪಟ್ಟೀನೇ ಸರಿ ಇಲ್ಲದಿದ್ರೆ ಮಗ ಏನ್ ಮಾಡ್ತಾನೆ ಪಾಪ.

ಸಲಹೆ ಅಂತ ಕೊಟ್ಟಿದ್ದು ಕಮ್ಮಿ. ಒಂದು, ಮಗನಿಗೆ ಜಗುಲಿ ಕಥೆ ಹೇಳಿ, ಆದ್ರೆ ಕೊನೇಲಿ "ಅದಕ್ಕೇ ನೀನು" ಅಂತ ಬಾಲ ಸೇರಿಸ್ಬೇಡಿ, ಸೇರಿಸಿದ್ರೆ ಹೇಳಿದ್ದೂ ದಂಡ. ಸೈಕಲ್ಲನ್ನ ಒರೆಸೋದು ಹಗಲು ಹೊತ್ತಲ್ಲಿ, ಮನೆ ಅಂಗಳದಲ್ಲಿ, ಎಲ್ಲರ ಕಣ್ಣೆದುರಿಗೆ. ಹತ್ತೂವರೆಗೆ ಹಾಸಿಗೆ. ಮೊಬೈಲ್ ಬೀಗ ತೆಗೀರಿ, ಅದ್ರ ಟೈಮಿನ ಮಾತು ಬೇರೆ ದಿನ, ಸೈಕಲ್ ವಿಷ್ಯಕ್ಕೆ ಅದನ್ನ ಗಂಟು ಹಾಕ್ಬೇಡಿ. ನಿದ್ದೆ ಸರಿಹೋಗ್ದೆ ಮನಸ್ಸು ಕುಗ್ಗಿದ್ದು ಎರಡು ವಾರ ಮುಂದುವರಿದ್ರೆ ಮನೋವೈದ್ಯರ ಹತ್ರ ಕಳಿಸ್ತೀನಿ ಅಂತಾನೂ ಹೇಳ್ದೆ, ರಾತ್ರಿ ಹೊತ್ತು ತಡೆಯೋಕಾಗ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಅಣ್ಣನಿಗೆ ಫೋನ್ ಮಾಡಿ ಅಂತ ನಾನು ಹೇಳ್ಲಿಲ್ಲ. ಪಾಲಿನ ಜಗಳಕ್ಕೆ ಕೈ ಹಾಕೋ ಕೆಲಸ ನಂದಲ್ಲ, ಮಲೆನಾಡಲ್ಲಂತೂ ಅಲ್ವೇ ಅಲ್ಲ.

ಹೇಳೋಕೆ ಮೂರು ವಾರ ಹಿಡೀತು. ಹೇಳಿದ್ಮೇಲೆ ಮಗ ಕೇಳಿದ್ದು ಒಂದೇ, "ಹಂಗಾದ್ರೆ ದೊಡ್ಡಪ್ಪ ತಳ್ತಿರ್ಲಿಲ್ವಾ ಅಪ್ಪಯ್ಯ?" ಇವರಿಗೆ ಅದು ಬಹಳ ನಾಟಿತ್ತು, ನಂಗೆ ಎರಡು ಸಲ ಹೇಳಿದ್ರು.

ನಾಲ್ಕನೇ ಸಲ ಬಂದಾಗ ಮೊಣಕೈಗೆ ಬ್ಯಾಂಡೇಜ್. ಮಗ, ಅವನ ಇಬ್ರು ಸ್ನೇಹಿತ್ರು ಸೇರಿ ತೋಟದ ಹತ್ರ ದಬ್ಬೆ ಜೋಡ್ಸಿದ್ರಂತೆ, ಇವರು ಹಾರೋಕೆ ಹೋಗಿದಾರೆ, ಈ ವಯಸ್ಸಲ್ಲಿ, ಹೆಲ್ಮೆಟ್ ಇಲ್ದೆ. ಬೈದೆ. "ಮಗನೇ ತಳ್ಕೊಂಡು ಬಂದ ಮೇಡಂ ಮನೆ ತನಕ" ಅಂತ ಬ್ಯಾಂಡೇಜ್ ಸವರ್ಕೊಂಡ್ರು. ಫೈಲ್ ಇನ್ನೂ ಕ್ಲೋಸ್ ಮಾಡಿಲ್ಲ, ಮಳೆಗಾಲ ಕಳೆದ್ಮೇಲೆ ಒಂದ್ಸಲ ಬನ್ನಿ ಅಂದಿದೀನಿ.